ಭಾಂಡೆ ಅಂಗಡಿಯ ಕಾರ್ಡ್ ಮಶೀನು

ನಗು ತರಿಸುವ ಸಂಗತಿಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋದವಳಲ್ಲ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದರೆ ಸಾಕು, ಅವೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಸ್ಟೂಲ್ ಎಳೆದುಕೊಂಡು ಕೂತುಬಿಡುತ್ತವೆ.

ಬೆಳಗಾವಿ ಪೇಟೆಯಲ್ಲಿ ನಮ್ಮದೊಂದು ಭಾಂಡೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರದ ಪಾತ್ರೆಗಳ ವ್ಯಾಪಾರ. ಮಾವನವರು ಕಟ್ಟಿದ ಅಂಗಡಿ. ನನ್ನ ಗಂಡನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ನೌಕರಿ. ಅವರಿಗೆ ಕಬ್ಬಿಣ ಕರಗಿಸುವುದು ಗೊತ್ತು, ಗಿರಾಕಿಯನ್ನು ಕರಗಿಸುವುದು ಗೊತ್ತಿಲ್ಲ. ಹಾಗಾಗಿ ಗಲ್ಲೆಯ ಮೇಲೆ ಮಾವನವರು, ಗಿರಾಕಿಯ ಎದುರಿಗೆ ನಾನು. ಬಾಗಿಲ ಬಾಜೂಕ ಒಂದು ಸಣ್ಣ ಮೇಜು ಹಾಕಿಕೊಂಡು, ಕರೆಂಟಿನ ಮೊಳೆಯಿಂದ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಚಾಚಾ. ಉಡುಗೊರೆ ಕೊಟ್ಟವರ ಹೆಸರಿಲ್ಲದ ಒಂದು ಚಮಚೆಯೂ ಆಗ ನಮ್ಮ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ. ಮೇಲಿನ ಮಾಳಿಗೆಯಲ್ಲಿ ನಮ್ಮ ಮನೆ. ಅಲ್ಲಿ ಅತ್ತೆಯವರು.

ಇಸವಿ ಎರಡು ಸಾವಿರದ ಆಸುಪಾಸು ಈ ಸಂಸಾರದೊಳಗೆ ಒಂದು ಮಶೀನು ಬಂತು. ಅದರ ಕತೆ ಇದು.

ಯಾಕ ಬೇಕು ಮಶೀನು

ಅದೇ ಬೀದಿಯ ಆಚೆ ತುದಿಗೆ ಎರಡಂತಸ್ತಿನ ಒಂದು ಹೊಸ ಶೋರೂಮ್ ಎದ್ದು ನಿಂತಿತ್ತು. ಗಾಜಿನ ಬಾಗಿಲು, ಒಳಗೆ ತಂಪು ಗಾಳಿ. ಅದು ಶುರುವಾದಾಗಿನಿಂದ ಕ್ಯಾಂಪಿನ ಮಿಲಿಟರಿ ಆಫೀಸರುಗಳ ಮನೆಯವರು ನಮ್ಮ ಅಂಗಡಿಯನ್ನು ದಾಟಿಕೊಂಡು ಹೋಗತೊಡಗಿದರು. ಒಂದು ದಿನ ಅವರಲ್ಲೊಬ್ಬ ಹೆಣ್ಣುಮಗಳು ನಮ್ಮಲ್ಲಿಗೇ ಬಂದಳು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೂತು, ಅಟ್ಟದ ಮೇಲಿದ್ದ ದೊಡ್ಡ ಡಿನ್ನರ್ ಸೆಟ್ ಇಳಿಸಿಸಿ, ಒಂದೊಂದು ವಾಟಿಯನ್ನೂ ಬೆಳಕಿಗೆ ಹಿಡಿದು ನೋಡಿ, ಒಪ್ಪಿ, ಕೊನೆಗೆ ಪರ್ಸಿನಿಂದ ಕಾರ್ಡ್ ತೆಗೆದಳು. ನಮ್ಮಲ್ಲಿ ಅದು ನಡೆಯುವುದಿಲ್ಲ ಅಂದೆ. "ಓಹ್" ಅಂದಳು, ಹೋದಳು. ಆ ಸೆಟ್ಟನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಸುತ್ತಿ ಡಬ್ಬದಲ್ಲಿ ಇಡುವಾಗ ನನಗೆ ಅಳುವೇ ಬಂತು.

ಮರುದಿನವೇ ಬ್ಯಾಂಕಿಗೆ ಹೋಗಿ ಕೇಳಿದೆ. ಆ ವಾರದಲ್ಲೇ ಟೈ ಕಟ್ಟಿದ ಒಬ್ಬ ತರುಣ ಬಂದು ಮಾವನವರ ಎದುರು ಕೂತು ಎಲ್ಲ ತಿಳಿಸಿ ಹೇಳಿದ. ಮಾವನವರು ಕೈಯಲ್ಲಿದ್ದ ತಂಬಿಗೆ ಒರೆಸುತ್ತ ಕೇಳಿಸಿಕೊಂಡರು. ಬ್ಯಾಂಕು ತನ್ನ ಕಮಿಷನ್ ಮುರಿದುಕೊಳ್ಳುತ್ತದೆ ಅಂದಾಗ ಮಾತ್ರ ಒರೆಸುವುದು ನಿಂತಿತು.

"ಮಾವಾರ, ಲಗ್ನಸರಾಯಿ ತಿಂಗಳುಗಳು ಮುಗಿಯೂತನಕ ನೋಡೂಣ್ರಿ. ವ್ಯಾಪಾರ ಆಗಲಿಲ್ಲಂದ್ರ ತಿರುಗಿ ಕೊಟ್ಟಬಿಡೂದು" ಅಂದೆ ನಾನು.

ಅವರು ನನ್ನ ಮುಖ ನೋಡಿದರು. ಆ ಡಿನ್ನರ್ ಸೆಟ್ ನಾನು ಕಟ್ಟಿಟ್ಟದ್ದನ್ನು ಅವರೂ ಕಂಡಿದ್ದರು. "ಆತು, ಇರ್ಲಿ" ಅಂದರು.

ಬ್ಯಾಂಕಿನ ತರುಣನಿಗೆ ಖುಷಿಯಾಯಿತು. ಹೊರಡುವ ಮುಂಚೆ, "ಯಜಮಾನ್ರ, ಏನರೆ ಕೇಳೂದಿದ್ರ ಕೇಳ್ರಿ" ಅಂದ.

"ಒಂದ ಮಾತು ಕೇಳ್ತೀನಿ ತಮ್ಮಾ. ಗಿರಾಕಿ ರೊಕ್ಕ ಕೊಡೂದಿಲ್ಲ, ಭಾಂಡೆ ಒಯ್ತಾನ. ಹೌದಿಲ್ಲೊ?"

"ಹೌದ್ರಿ. ರೊಕ್ಕ ಆಮ್ಯಾಲೆ ಬರ್ತೈತಿ."

"ಅದಕ್ಕ ಮಶೀನ್ ಯಾಕ ಬೇಕು? ನಮ್ಮ ಗಿರಾಕಿಗೋಳು ಇಷ್ಟ ವರ್ಷ ಮಶೀನ್ ಇಲ್ದನ ಒಯ್ಯಾಕತ್ತಾರಲ್ಲ!"

ಶ್ಯಾವಿಗೆ ಒತ್ತುವುದಲ್ಲ

ಮೊದಲು ಕೊಟ್ಟ ಮಶೀನು ಕೈಯಿಂದ ಎಳೆಯುವಂಥದ್ದು. ಒಂದು ಕಬ್ಬಿಣದ ಹಲಗೆ, ಅದರ ಮೇಲೆ ಅತ್ತಿತ್ತ ಸರಿಯುವ ಒಂದು ಹಿಡಿಕೆ. ಹಲಗೆಯ ಮೇಲೆ ಗಿರಾಕಿಯ ಕಾರ್ಡ್ ಇಡಬೇಕು, ಅದರ ಮೇಲೆ ಕಾರ್ಬನ್ ಹಾಳೆಯ ಚೀಟಿ ಹಾಸಬೇಕು, ಆಮೇಲೆ ಹಿಡಿಕೆಯನ್ನು ಖರ್ರ್ ಅಂತ ಒಮ್ಮೆ ಅತ್ತ, ಖರ್ರ್ ಅಂತ ಒಮ್ಮೆ ಇತ್ತ ಎಳೆಯಬೇಕು. ಕಾರ್ಡಿನ ಮೇಲೆ ಉಬ್ಬಿರುವ ಹೆಸರು, ನಂಬರು ಚೀಟಿಯ ಮೇಲೆ ಮೂಡುತ್ತಿದ್ದವು. ಕೆಳಗೆ ಗಿರಾಕಿ ಸಹಿ ಮಾಡಿದರೆ ಆಯಿತು.

ಇಷ್ಟೆಲ್ಲ ಕಲಿತು, ಮಶೀನನ್ನು ಒರೆಸಿ ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲಿಟ್ಟು ಕೂತೆ. ಕಾರ್ಡಿನವರು ಒಬ್ಬರೂ ಬರಲಿಲ್ಲ. ಬಂದವರೆಲ್ಲ ನಮ್ಮ ಹಳೆಯ ಗಿರಾಕಿಗಳೇ. ಮಾವನವರು ದಿನಾ ಮುಂಜಾನೆ ಗಲ್ಲೆಗೆ ಹೂವು ಏರಿಸುವಾಗ ಆ ಮಶೀನಿಗೂ ಒಂದು ಹೂವು ಇಡುತ್ತಿದ್ದರು. ಗತಿಸಿದವರ ಫೋಟೊಕ್ಕೆ ಇಟ್ಟ ಹಾಗೆ.

ಅಷ್ಟರಲ್ಲಿ ಒಂದು ದಿನ ಸಾಂಬ್ರಾದಿಂದ ಒಬ್ಬ ಗಟ್ಟಿಗಿತ್ತಿ ಬಂದಳು. ಕೊಡ ಬೇಕಾಗಿತ್ತು. ಕೊಡ ನೋಡುತ್ತ ನೋಡುತ್ತ ಅವಳ ಕಣ್ಣು ಮಶೀನಿನ ಮೇಲೆ ಬಿತ್ತು. ಹಿಡಿಕೆ ಹಿಡಿದು ಒಮ್ಮೆ ಎಳೆದು ನೋಡಿದಳು.

"ಇದೇನವಾ, ಶ್ಯಾವಿಗಿ ಒತ್ತೂದೇನು?"

"ಅಲ್ಲರಿ, ಇದು ಬ್ಯಾಂಕಿಂದು."

"ಬ್ಯಾಂಕಿನ್ಯಾಗ ಶ್ಯಾವಿಗಿ ಯಾಕ ಒತ್ತತಾರ?"

ನಾನು ಕಾರ್ಡು, ಚೀಟಿ, ಸಹಿ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು, ನಂಬಲಿಲ್ಲ. ಮತ್ತೊಮ್ಮೆ ಎಳೆದು ನೋಡಿದಳು. "ಗಟ್ಟಿ ಐತಿ. ಹಗುರ ಸರೀತೈತಿ. ಎಷ್ಟಕ್ಕ ಕೊಡ್ತಿ ಹೇಳು."

"ಮಾರಾಕ ಇಟ್ಟಿಲ್ಲರಿ ಅದು."

"ಭಾಂಡೆ ಅಂಗಡ್ಯಾಗ ಮಾರಾಕಲ್ದ ಯಾವುದರೆ ಇಡ್ತಾರೇನು? ಯಾರೋ ಬ್ಯಾರೇದಾರಿಗೆ ತಗದ ಇಟ್ಟಿ ನೀ" ಅಂತ ಆಕೆ ಸಿಟ್ಟಾದಳು. ಕೊಡದ ಮಾತು ಬಿಟ್ಟು ತಾನೇ ಮಶೀನಿಗೆ ಒಂದು ಬೆಲೆ ಹೇಳಿದಳು. ನಾನು ತಲೆಯಲ್ಲಾಡಿಸಿದೆ. ಇನ್ನಷ್ಟು ಏರಿಸಿದಳು.

ಗಲ್ಲೆಯ ಮೇಲಿಂದ ಮಾವನವರು ಕೆಮ್ಮಿದರು.

"ಕೊಟ್ಟಬಿಡವಾ" ಅಂದರು ಮೆಲ್ಲಗೆ. "ಆ ಮಶೀನಿನಿಂದ ನಮಗ ಬರೂ ಮೊದಲನೇ ರೊಕ್ಕ ಅದು."

ಚಾಚಾ ಹಾಕಿದ ಹೆಸರು

ಕೊನೆಗೂ ಒಬ್ಬ ಮೇಜರ್ ಸಾಹೇಬರು ಬಂದರು. ಜೊತೆಗೆ ಅವರ ಹೆಂಡತಿ. ಪುಣೆಗೆ ವರ್ಗವಾಗಿ ಹೋಗುತ್ತಿದ್ದ ಗೆಳೆಯರಿಗೆ ಕೊಡಲು ಡಬ್ಬಿಗಳ ಒಂದು ಸೆಟ್ ಆರಿಸಿದರು. ದೊಡ್ಡದರೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು ಕೂರುವಂಥ ಸೆಟ್ಟು. ಆಮೇಲೆ ಸಾಹೇಬರು ಬಾಗಿಲ ಚೌಕಟ್ಟಿಗೆ ಬ್ಯಾಂಕಿನವರು ಅಂಟಿಸಿದ್ದ ಕಾರ್ಡಿನ ಚಿತ್ರ ನೋಡಿ, "ಕಾರ್ಡ್ ಚಲೇಗಾ?" ಅಂದರು.

ಚಲೇಗಾ! ಕಾರ್ಡ್ ಇಟ್ಟೆ. ಚೀಟಿ ಹಾಸಿದೆ. ಮಾವನವರು ಕಣ್ಣು ಮುಚ್ಚಿದರು. ಎಳೆದೆ. ಅಕ್ಷರಗಳು ದುಂಡಗೆ ಮೂಡಿದವು. ಸಾಹೇಬರು ಸಹಿ ಮಾಡಿದರು. ಅವರ ಪಾಲಿನ ಚೀಟಿಯನ್ನು ಹರಿದು ಡಬ್ಬಿಗಳ ಮೇಲಿಟ್ಟೆ. ಕೊರೆಯಬೇಕಾದ ಹೆಸರನ್ನು ಬೇರೆ ಒಂದು ತುಂಡು ಕಾಗದದ ಮೇಲೆ ಬರೆದು, ಅದನ್ನೂ ಪಕ್ಕದಲ್ಲೇ ಇಟ್ಟೆ. ಚಾಚಾ ಎಲ್ಲವನ್ನೂ ಎತ್ತಿಕೊಂಡು ತಮ್ಮ ಮೇಜಿಗೆ ಹೋದರು. ಫ್ಯಾನಿನ ಗಾಳಿಗೆ ಆ ಕಾಗದದ ತುಂಡು ಹಾರಿ ಮೇಜಿನ ಕೆಳಗೆ ಬಿದ್ದದ್ದನ್ನು ಯಾರೂ ನೋಡಲಿಲ್ಲ.

ಸಾಹೇಬರೂ ಅವರ ಹೆಂಡತಿಯೂ ಕುಂದಾ ಕಟ್ಟಿಸಿಕೊಂಡು ಬರಲು ಮಿಠಾಯಿ ಅಂಗಡಿಗೆ ಹೋದರು. ಚಾಚಾ ಕೊರೆಯುತ್ತ ಕೂತರು. ಜುಂಯ್, ಜುಂಯ್. ಈ ಸಲ ಬಹಳ ಹೊತ್ತು ಹಿಡಿಯಿತು. ನನಗೆ ಅದರ ಕಡೆ ಗಮನವಿರಲಿಲ್ಲ, ನಾನಿನ್ನೂ ಮೊದಲ ಕಾರ್ಡಿನ ಹರ್ಷದಲ್ಲೇ ತೇಲುತ್ತಿದ್ದೆ.

ಸಾಹೇಬರು ತಿರುಗಿ ಬಂದು ಮೊದಲ ಡಬ್ಬಿಯನ್ನು ಎತ್ತಿ ನೋಡಿದರು. ಹುಬ್ಬು ಮೇಲೇರಿತು. ಎರಡನೆಯದನ್ನು ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ಓಡಿಹೋಗಿ ನೋಡಿದೆ. ಪ್ರತಿಯೊಂದು ಡಬ್ಬಿಯ ಮೇಲೂ ಮುತ್ತು ಪೋಣಿಸಿದಂತೆ ಅವರ ಕಾರ್ಡಿನ ಪೂರ್ತಿ ನಂಬರು. ಅದರ ಕೆಳಗೆ ಕಾರ್ಡಿನ ಅವಧಿ ಮುಗಿಯುವ ತಿಂಗಳು, ವರ್ಷ. ಅದರ ಕೆಳಗೆ ಹೆಸರು.

"ಚಾಚಾ, ಏನ್ರಿ ಇದು! ಈ ನಂಬರ್ ಯಾಕ ಹಾಕಿದ್ರಿ?"

ಚಾಚಾ ಕನ್ನಡಕ ಹಣೆಗೇರಿಸಿ ಸಾಹೇಬರ ಮೀಸೆಯನ್ನೊಮ್ಮೆ ನೋಡಿ, "ಮಿಲ್ಟ್ರಿ ಸಾಹೇಬ್ರು ಅಲ್ಲೇನು ಬೇಟಿ? ಮಿಲ್ಟ್ರಿ ಮಂದೀಗೆ ಹೆಸರಿನ ಜೋಡಿ ನಂಬರ್ ಇರ್ತೈತಿ. ಚೀಟಿ ಮ್ಯಾಲ ಇತ್ತು, ಹಾಕ್ದೆ" ಅಂದರು.

"ಮತ್ತ ಈ ತಾರೀಖು?"

"ಅದು ರಿಟೈರ್ ಆಗೂದು."

ಮರ್ಯಾದೆಯ ಸಹಿ

ಡಬ್ಬಿ ಬದಲಿಸಿ ಕೊಟ್ಟೆವು. ಕೊರೆದವುಗಳನ್ನು ಪಾಲಿಶ್‌ಗೆ ಕಳಿಸಿ ಉಜ್ಜಿಸಿದೆವು. ಮೇಜರ್ ಸಾಹೇಬರು ಮಾತ್ರ ಈ ಕತೆಯನ್ನು ಕ್ಯಾಂಪಿನ ತುಂಬ ಹೇಳಿ ನಗಿಸಿದರಂತೆ. ಕತೆ ಕೇಳಿದವರು ಚಾಚಾನನ್ನು ನೋಡಬೇಕೆಂದು ಬರತೊಡಗಿದರು. ಬಂದವರು ಬರಿಗೈಯಲ್ಲಿ ಹೋಗುವುದು ಹೇಗೆ? ಒಂದು ತಾಟು, ಒಂದು ತಂಬಿಗೆ ಅಂತ ಕಾರ್ಡ್ ತೆಗೆದೇ ತೆಗೆದರು. ಲಗ್ನಸರಾಯಿ ಮುಗಿದರೂ ಮಶೀನು ತಿರುಗಿ ಕೊಡುವ ಮಾತು ಮಾವನವರು ಎತ್ತಲಿಲ್ಲ.

ಬ್ಯಾಂಕಿನವರು ಒಂದು ಕಟ್ಟುನಿಟ್ಟು ಮಾಡಿದ್ದರು. ಕಾರ್ಡಿನ ಬೆನ್ನ ಮೇಲಿನ ಸಹಿ, ಚೀಟಿಯ ಮೇಲಿನ ಸಹಿ ಎರಡನ್ನೂ ಹೋಲಿಸಿ ನೋಡಬೇಕು. ಕಣಕುಂಬಿ ಕಡೆಯ ಒಬ್ಬ ಹಿರಿಯ ಗೃಹಸ್ಥರು ಬಂದಿದ್ದರು. ಗೋಡಂಬಿ ವ್ಯಾಪಾರ, ಗೋವಾಕ್ಕೆ ಹೋಗಿ ಬಂದು ಮಾಡುವವರು. ತಾಮ್ರದ ಹಂಡೆ ತೆಗೆದುಕೊಂಡು ಕಾರ್ಡ್ ಕೊಟ್ಟರು. ಕಾರ್ಡಿನ ಹಿಂದೆ ನೋಡಿದರೆ ಮರಾಠಿಯಲ್ಲಿ ಸಹಿ. ಚೀಟಿಯ ಮೇಲೆ ನೋಡಿದರೆ ಕನ್ನಡದಲ್ಲಿ ಸಹಿ. ಒಂದೊಂದು ಅಕ್ಷರವನ್ನೂ ಮೆಲ್ಲಗೆ, ನಾಲಿಗೆ ಕಚ್ಚಿಕೊಂಡು ಬರೆದಿದ್ದರು.

"ಕಾಕಾ, ಕಾರ್ಡಿನ ಮ್ಯಾಲ ಮರಾಠಿ ಐತಲ್ರಿ?"

"ಹೌದು, ನಂದು ಮರಾಠಿ ಸಾಲಿ."

"ಮತ್ತ ಇಲ್ಲಿ ಕನ್ನಡದಾಗ ಮಾಡೀರಿ!"

"ನಿಮ್ಮದು ಕನ್ನಡದವರ ಅಂಗಡಿ. ನಿಮ್ಮಲ್ಲಿಗೆ ಬಂದು ಮರಾಠಿ ಸಹಿ ಮಾಡಿದ್ರ ಬರೋಬರಿ ಅನಸ್ತೈತೇನು? ಮರ್ಯಾದಿ ಅಂತ ಒಂದು ಇರ್ತೈತಲ್ಲ!"

ಮಾವನವರು ಗಲ್ಲೆಯಿಂದ ಎದ್ದು ಬಂದು ಅವರ ಕೈ ಹಿಡಿದು ಕೂರಿಸಿ, ಚಹಾ ತರಿಸಿ, ತಾವೂ ಮರಾಠಿಯಲ್ಲೇ ಮಾತಾಡಿದರು. ಅವರು ಕನ್ನಡದಲ್ಲೇ ಉತ್ತರ ಕೊಟ್ಟರು. ಚಹಾ ಮುಗಿಯುವವರೆಗೂ ಇಬ್ಬರೂ ತಮ್ಮ ತಮ್ಮ ಮರ್ಯಾದೆ ಬಿಡಲಿಲ್ಲ.

ಕೊನೆಗೆ ನಾನೇ, "ಕಾಕಾ, ಈ ಚೀಟಿ ನಮಗಲ್ಲ, ಬ್ಯಾಂಕಿನವರಿಗೆ ಹೋಗೂದು" ಅಂತ ತಿಳಿಸಿ ಹೊಸ ಚೀಟಿ ಎಳೆದು ಮುಂದಿಟ್ಟೆ.

ಅವರು ಪೆನ್ನು ಎತ್ತಿ ತಡೆದರು.

"ಬ್ಯಾಂಕಿನವರಿಗಾ? ಹಂಗಾರ ಇಂಗ್ಲಿಷದಾಗ ಮಾಡ್ಲೇನು?"

ಫೋನಿನಲ್ಲಿ ಅಳುವಾಕೆ

ವ್ಯಾಪಾರ ಚೆನ್ನಾಗಿದೆ ಅಂತ ಬ್ಯಾಂಕಿನವರು ಹೊಸ ಮಶೀನು ಕೊಟ್ಟರು. ಇದು ಕರೆಂಟಿನದು. ಫೋನಿನ ತಂತಿಗೆ ಜೋಡಿಸಬೇಕು. ಕಾರ್ಡ್ ಗೀರಿದರೆ ಮಶೀನೇ ಬ್ಯಾಂಕಿಗೆ ಫೋನ್ ಮಾಡಿ, ಕೇಳಿ, ತಾನೇ ಚೀಟಿ ಮುದ್ರಿಸಿ ಹೊರಗೆ ಹಾಕುತ್ತಿತ್ತು. ಹಳೆಯದನ್ನು ಕರೆಂಟ್ ಹೋದಾಗ ಬೇಕಾದೀತು ಅಂತ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆವು.

ಆದರೆ ಇದ್ದದ್ದು ಒಂದೇ ಫೋನ್ ಲೈನು. ಅದರ ಇನ್ನೊಂದು ತುದಿ ಮೇಲಿನ ಮಾಳಿಗೆಯಲ್ಲಿ, ಅತ್ತೆಯವರ ಕೈಯಲ್ಲಿ. ಶಹಾಪುರದಲ್ಲಿ ಅವರ ತಂಗಿ ಇದ್ದರು. ಮುಂಜಾನೆ ಆ ಮನೆಯ ಒಗ್ಗರಣೆ ಸಿಡಿದರೆ ಈ ಮನೆಯಲ್ಲಿ ಸೀನು ಬರಬೇಕು, ಅಷ್ಟು ಮಾತು. ಗಿರಾಕಿ ಕಾರ್ಡ್ ಕೊಟ್ಟು ನಿಂತಿರುತ್ತಿದ್ದರು, ನಾನು ಮೆಟ್ಟಿಲ ಕೆಳಗೆ ನಿಂತು, "ಅತ್ತೀ, ಫೋನ್ ಇಡ್ರಿ! ಕಾರ್ಡ್ ಬಂದೈತಿ!" ಅಂತ ಕೂಗುತ್ತಿದ್ದೆ. "ತಡಿ, ಇನ್ನೂ ಆಕಿ ನಾದಿನಿ ಸುದ್ದೀನ ಮುಗದಿಲ್ಲ" ಅಂತ ಮೇಲಿಂದ ಉತ್ತರ. ಗಿರಾಕಿಗಳಿಗೂ ರೂಢಿಯಾಗಿ, "ನಾದಿನಿ ಕತಿ ಮುಗೀತೇನ್ರಿ?" ಅಂತ ಅವರೇ ಕೇಳುತ್ತಿದ್ದರು.

ಮಾವನವರು ಒಂದು ದಿನ ಜೋರು ಮಾಡಿದರು. ವ್ಯಾಪಾರದ ಹೊತ್ತಿನಲ್ಲಿ ತಾನಾಗಿ ಯಾರಿಗೂ ಫೋನ್ ಮಾಡುವುದಿಲ್ಲ ಅಂತ ಅತ್ತೆಯವರು ಒಪ್ಪಿದರು. ಎರಡು ದಿನ ನಿಶ್ಚಿಂತೆ. ಆಮೇಲೆ ಬೇರೆ ರೋಗ ಶುರುವಾಯಿತು. ಕಾರ್ಡ್ ಗೀರುತ್ತೇನೆ, ಮಶೀನು ಫೋನ್ ಹಚ್ಚುತ್ತದೆ, ಅರ್ಧಕ್ಕೆ ಹೋಗಿ ನಿಂತುಬಿಡುತ್ತದೆ. ಬ್ಯಾಂಕಿನವನು ಬಂದು ತಂತಿ ಬದಲಿಸಿದ, ಟೆಲಿಫೋನಿನವನು ಬಂದು ಡಬ್ಬಿ ಬಿಚ್ಚಿ ನೋಡಿದ. ಯಾವ ದೋಷವೂ ಸಿಗಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಗಿರಾಕಿಯ ಕಾರ್ಡನ್ನು ಗೀರಿ ಗೀರಿ ಸೋತು, ಸಿಟ್ಟಿನಿಂದ ಮೆಟ್ಟಿಲು ಹತ್ತಿ ಹೋದೆ. ಅತ್ತೆಯವರು ನೆಲದ ಮೇಲೆ ಕೂತು, ರಿಸೀವರ್ ಕಿವಿಗೆ ಹಿಡಿದಿದ್ದರು. ಕಣ್ಣಲ್ಲಿ ನೀರು.

"ಅಳಬ್ಯಾಡ ನನ್ನವ್ವಾ" ಅನ್ನುತ್ತಿದ್ದರು. "ಎಲ್ಲಾ ಬರೋಬರಿ ಆಗ್ತೈತಿ. ಏನರೆ ಉಂಡೀಯೇನು?"

ರಿಸೀವರ್ ಇಸಿದುಕೊಂಡು ಕಿವಿಗೆ ಇಟ್ಟೆ. ಕೀಂಂಂ... ಕುಂಯ್ಯ್... ಕೀಂಂಂ. ನಮ್ಮ ಮಶೀನು!

"ಅತ್ತೀ, ಇದು ಯಾರೂ ಅಲ್ಲರಿ. ಮಶೀನ್ ಬ್ಯಾಂಕಿನ ಕೂಡ ಮಾತಾಡೂದು. ನೀವು ಎತ್ತಿದ ಕೂಡಲೆ ಮಾತು ಹರೀತೈತಿ."

ಅವರು ಒಪ್ಪಲಿಲ್ಲ. "ಗಂಟೆ ಬಾರಿಸ್ದಂಗ ಟಿಣ್ ಅಂತು, ಎತ್ತಿದೆ. ಎತ್ತಿದಾಗೆಲ್ಲಾ ಬಿಕ್ಕಿ ಬಿಕ್ಕಿ ಅಳ್ತಾಳ. ನಾ ಸಮಾಧಾನ ಮಾಡಿದ ಕೂಡಲೆ ಸುಮ್ಮನಾಗಿ ಇಟ್ಟಬಿಡ್ತಾಳ."

"ಅಯ್ಯ, ಮಶೀನ್ ಅದು!"

ಅತ್ತೆಯವರು ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದರು.

"ಆಗ್ಲಿ ಬಿಡು. ದಿನಾ ನಿಮ್ಮ ಮಾವನ ಕೈಯಾಗ ದುಡೀಬೇಕಂದ್ರ ಮಶೀನ್ ಆದ್ರೂ ಅಳ್ತೈತಿ."

ಖಾನಾಪುರದ ಅಜ್ಜಿ

ಇನ್ನು ಇದು. ಇದನ್ನು ನೆನೆದರೆ ನಾನು ಇವತ್ತಿಗೂ ಒಬ್ಬಳೇ ಕೂತು ನಗುತ್ತೇನೆ.

ಖಾನಾಪುರದಲ್ಲಿ ಒಂದು ಮನೆಯ ಲಗ್ನ. ಮದುಮಗಳ ಸೋದರಮಾವ ಹಡಗಿನ ಮೇಲೆ ನೌಕರಿ ಮಾಡುವವನು. ಮೂವತ್ತು ದಾಟಿದ್ದರೂ ಅವನದಿನ್ನೂ ಲಗ್ನವಾಗಿರಲಿಲ್ಲ. ರಜೆಯ ಮೇಲೆ ಬಂದವನು, ಸೋದರಸೊಸೆಯ ಸಂಸಾರಕ್ಕೆ ಬೇಕಾಗುವ ಭಾಂಡೆ ಎಲ್ಲವೂ ತನ್ನದೇ ಅಂತ ಹೇಳಿಬಿಟ್ಟಿದ್ದ. ಆದರೆ ಭಾಂಡೆ ಒಪ್ಪಬೇಕಾದವಳು ಅವನ ತಾಯಿ, ಮದುಮಗಳ ಅಜ್ಜಿ. ಆಕೆಗೆ ಮೊಳಕಾಲು ನೋವು, ಬೆಳಗಾವಿಗೆ ಬರಲಾರಳು. ಒಂದೊಂದನ್ನೂ ಬೆರಳಿನಿಂದ ಬಾರಿಸಿ ಸಪ್ಪಳ ಕೇಳದೆ ಕೊಳ್ಳಲೂ ಬಿಡಳು. ಅವನು ಮೊದಲು ಆ ಗಾಜಿನ ಬಾಗಿಲಿನ ಶೋರೂಮಿಗೆ ಹೋಗಿ ಕೇಳಿದ್ದ. ಮಾಲು ಊರೂರಿಗೆ ಹೊತ್ತು ತಿರುಗುವುದಿಲ್ಲ ಅಂದಿದ್ದರಂತೆ. ನಮ್ಮಲ್ಲಿಗೆ ಬಂದ. ಆ ವರ್ಷದಲ್ಲೇ ಅಷ್ಟು ದೊಡ್ಡ ವ್ಯಾಪಾರ ನಮಗೆ ಬಂದಿರಲಿಲ್ಲ.

"ನಾವ ಬರ್ತೀವಿ" ಅಂದೆ.

ಒಂದು ಟೆಂಪೊ ತುಂಬ ಕೊಡ, ಹಂಡೆ, ಪರಾತ, ತಾಟು. ಮುಂದಿನ ಸೀಟಿನಲ್ಲಿ ನಾನು, ಮಾವನವರು. ಮಾವನವರ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಹಳೆಯ ಕೈಮಶೀನು. ಹೊಸದನ್ನು ಅಲ್ಲಿ ಯಾರ ಫೋನಿಗೆ ಜೋಡಿಸುವುದು? ದಾರಿಯುದ್ದಕ್ಕೂ ಹಿಂದಿನಿಂದ ಭಾಂಡೆಗಳ ಸಪ್ಪಳ ಹೇಗಿತ್ತೆಂದರೆ, ಎದುರಿಗೆ ಬಂದ ದನಗಳು ತಾವಾಗಿಯೇ ರಸ್ತೆ ಬಿಟ್ಟು ಇಳಿಯುತ್ತಿದ್ದವು.

ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತಳು. ಒಂದೊಂದನ್ನೂ ಎತ್ತಿ, ಬಾರಿಸಿ, ಕಿವಿ ಕೊಟ್ಟು ಕೇಳಿದಳು. ಬೇಡ ಅನಿಸಿದ್ದನ್ನು ಎಡಕ್ಕೆ, ಬೇಕು ಅನಿಸಿದ್ದನ್ನು ಬಲಕ್ಕೆ. ನಮ್ಮ ಎದೆಯೂ ಅವಳ ಬೆರಳಿನ ಜೊತೆಗೇ ಬಡಿಯುತ್ತಿತ್ತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಎಲ್ಲವೂ ಬಲಕ್ಕೆ ಬಂದಿದ್ದವು, ಒಂದು ಸೌಟು ಬಿಟ್ಟು.

ಮಗ ಕಾರ್ಡ್ ತೆಗೆದ. ಇಷ್ಟು ದೊಡ್ಡ ಮೊತ್ತಕ್ಕೆ ಬರೀ ಚೀಟಿ ಎಳೆದರೆ ಸಾಲದು, ಮೊದಲು ಬ್ಯಾಂಕಿಗೆ ಫೋನ್ ಮಾಡಿ ಒಪ್ಪಿಗೆಯ ನಂಬರು ಪಡೆಯಬೇಕು ಅನ್ನುವುದು ನಿಯಮ. ಮನೆಯಲ್ಲಿ ಫೋನಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೇ ಹೋಗಬೇಕು. ನಾನು, ಮಾವನವರು, ಅವನು ಮೂವರೂ ಹೊರಟೆವು. ಮೊಳಕಾಲು ನೋವಿನ ಅಜ್ಜಿ, "ನನ್ನ ಮಗನ ರೊಕ್ಕ ಎಲ್ಲಿಗೆ ಹೋಗ್ತೈತಿ, ನಾ ನೋಡಬೇಕು" ಅಂತ ಎಲ್ಲರಿಗಿಂತ ಮೊದಲು ಟೆಂಪೊ ಹತ್ತಿ ಕೂತಳು.

ಬೂತಿನ ಗಾಜಿನ ಗೂಡು ಒಬ್ಬರಿಗೆ ಮಾಡಿದ್ದು. ಅದರಲ್ಲಿ ನಾವು ನಾಲ್ವರೂ ಸೇರಿಕೊಂಡೆವು. ಬಾಗಿಲು ಮುಚ್ಚಲಿಲ್ಲ. ನೆತ್ತಿಯ ಮೇಲೆ ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಬೆಂಗಳೂರಿನ ಬ್ಯಾಂಕಿನಲ್ಲಿ ಒಬ್ಬ ಹುಡುಗಿ ಎತ್ತಿದಳು. ಸವಿಯಾದ ದನಿ. ನಾನು ಅಂಗಡಿಯ ವಿವರ, ಕಾರ್ಡಿನ ವಿವರ, ಮೊತ್ತ ಹೇಳಿದೆ. ಆ ಹುಡುಗಿ ಕಾರ್ಡಿನ ಹಳೆಯ ಲೆಕ್ಕ ತೆಗೆದು ನೋಡಿದಳು. "ಮೇಡಂ, ಈ ಕಾರ್ಡ್ ಯಾವಾಗಲೂ ಹೊರದೇಶದ ಬಂದರುಗಳಲ್ಲೇ ಬಳಸಿರೋದು. ಈಗ ಇದ್ದಕ್ಕಿದ್ದಂತೆ ಖಾನಾಪುರದಲ್ಲಿ ಪಾತ್ರೆ ಅಂದ್ರೆ... ಕಾರ್ಡಿನವರಿಗೇ ಫೋನ್ ಕೊಡ್ತೀರಾ? ಒಂದೆರಡು ಪ್ರಶ್ನೆ ಕೇಳಬೇಕು."

ಅವನಿಗೆ ಕೊಟ್ಟೆ. ಗೂಡು ಎಷ್ಟು ಇಕ್ಕಟ್ಟಾಗಿತ್ತೆಂದರೆ ಆ ಹುಡುಗಿಯ ಮಾತು ನಾಲ್ವರಿಗೂ ಕೇಳಿಸುತ್ತಿತ್ತು.

"ಸರ್, ನಿಮ್ಮ ಹುಟ್ಟಿದ ದಿನಾಂಕ?"

"ಜೂನ್ ಒಂದು" ಅಂತ ವರ್ಷದೊಂದಿಗೆ ಹೇಳಿದ.

ಅಜ್ಜಿ ತಿರುಗಿ ನೋಡಿದಳು. "ಏ, ಸುಳ್ಳ ಯಾಕ ಹೇಳ್ತಿ?" ಅಂದವಳೇ ಮಗನ ಕೈಯಿಂದ ಫೋನ್ ಕಸಿದುಕೊಂಡಳು. "ಅವ್ವಾ, ಇವನ ಮಾತು ಕೇಳಬ್ಯಾಡ. ಜೂನ್ ಒಂದು ಸಾಲಿ ಮಾಸ್ತರ ಬರದದ್ದು. ಆ ಮಾಸ್ತರ ಊರಾಗಿನ ಎಲ್ಲಾ ಹುಡುಗರನ್ನೂ ಒಂದ ದಿನ ಹುಟ್ಟಿಸ್ಯಾನ. ಇವ ಹುಟ್ಟಿದ್ದು ದೀಪಾವಳಿ ಅಮಾಸಿ ಮುಂಜಾನೆ."

ಆ ಕಡೆಯ ದನಿ ಬಿಗಿಯಾಯಿತು. "ಯಾರು ಮಾತಾಡ್ತಿರೋದು?"

"ಹಡದಾಕಿ."

ಮುಗಿಯಿತು, ಇನ್ನು ಟೆಂಪೊ ತುಂಬಿಕೊಂಡು ಅದೇ ಸಪ್ಪಳ ಕೇಳುತ್ತ ತಿರುಗಿ ಹೋಗುವುದೇ ಅಂದುಕೊಂಡೆ. ಮಾವನವರು ಮಶೀನನ್ನು ಎದೆಗೆ ಅವಚಿಕೊಂಡು ಮುಗಿಲು ನೋಡುತ್ತಿದ್ದರು. ನಾನು ಫೋನ್ ಇಸಿದುಕೊಂಡು, ನಮ್ಮ ಕಡೆ ಸಾಲೆಯ ತಾರೀಖು ಬೇರೆ, ಖರೇ ತಾರೀಖು ಬೇರೆ ಇರುತ್ತದೆ ಅಂತ ಬೇಡಿಕೊಳ್ಳುವ ಹಾಗೆ ಹೇಳಿದೆ. ಆ ಹುಡುಗಿ ನಕ್ಕ ಹಾಗೆ ಕೇಳಿಸಿತು. "ನಮ್ಮ ತಂದೆಯವರದೂ ಜೂನ್ ಒಂದೇ ಮೇಡಂ. ಇರಲಿ, ಅವರಿಗೆ ಕೊಡಿ. ಇನ್ನೊಂದೇ ಪ್ರಶ್ನೆ."

ಕೊಟ್ಟೆ.

"ಸರ್, ನಿಮ್ಮ ತಾಯಿಯವರ ತವರುಮನೆ ಅಡ್ಡಹೆಸರು?"

ಅವನು ಹೇಳಿದ. "ಸರಿಯಾಗಿದೆ ಸರ್" ಅಂದಳು.

ಅಜ್ಜಿ ಸೆಟೆದು ನಿಂತಳು. "ಏನ್ ಕೇಳಿದಳೊ ಆಕಿ? ನನ್ನ ತವರಮನಿ ಹೆಸರಾ?"

"ಹೌದವ್ವಾ. ಬ್ಯಾಂಕಿನ್ಯಾಗ ಬರದ ಇಟ್ಟಿರ್ತಾರ."

ಅಜ್ಜಿಯ ಮುಖ ಒಮ್ಮೆಲೇ ಮೆತ್ತಗಾಯಿತು. ಸೆರಗು ಸರಿಮಾಡಿಕೊಂಡಳು. "ಬೆಂಗಳೂರಾಗ ಕುಂತು ನನ್ನ ತವರಮನಿ ಹೆಸರು ಕೇಳ್ತಾಳ" ಅಂದಳು ನನಗೆ. "ಈ ಮನಿಗೆ ಬಂದು ಇಷ್ಟ ವರ್ಷ ಆತು, ಇಲ್ಲೆ ಒಬ್ಬರೂ ಕೇಳಲಿಲ್ಲ ನೋಡು."

ಹುಡುಗಿ ಒಪ್ಪಿಗೆಯ ನಂಬರು ಹೇಳಿದಳು. ನಾನು ಫೋನ್ ಇಸಿದುಕೊಂಡು ಎರಡು ಸಲ ಕೇಳಿ ಬರೆದುಕೊಂಡೆ. ಮಾವನವರು ಬೂತಿನವನ ಮೇಜಿನ ಮೇಲೆ ಬಟ್ಟೆ ಬಿಚ್ಚಿ ಮಶೀನು ಇಟ್ಟರು. ನಾನು ಗೂಡಿನೊಳಗಿಂದಲೇ ಒಂದು ಕೈ ಚಾಚಿದರೆ, "ತಡಿ, ನಾ ಎಳೀತೀನಿ" ಅಂದರು. ಅಷ್ಟು ದಿನ ಅದರ ಹಿಡಿಕೆ ಮುಟ್ಟದವರು ಖರ್ರ್ ಅಂತ ಅತ್ತ, ಖರ್ರ್ ಅಂತ ಇತ್ತ ಎಳೆದರು. ಹೊರಗೆ ಬಸ್ಸಿಗೆ ನಿಂತಿದ್ದ ಮಂದಿ ಏನೋ ಆಯಿತು ಅಂತ ಚಪ್ಪಾಳೆಯನ್ನೇ ಹೊಡೆದುಬಿಟ್ಟರು.

ನನ್ನ ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಆ ಹುಡುಗಿ ಇನ್ನೂ ಇದ್ದಳು. "ಇನ್ನೇನಾದರೂ ಸಹಾಯ ಬೇಕಿತ್ತಾ ಮೇಡಂ?" ಅಂತ ಕೇಳಿದಳು.

"ಏನಿಲ್ಲ" ಅನ್ನುವಷ್ಟರಲ್ಲಿ ಅಜ್ಜಿ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಅವ್ವಾ, ಲಗ್ನಕ್ಕ ಬಾ. ಮಲಪ್ರಭಾ ದಂಡಿ ಮ್ಯಾಲ ನಮ್ಮ ಮನಿ, ಯಾರನ್ನ ಕೇಳಿದ್ರೂ ಹೇಳ್ತಾರ."

"ಥ್ಯಾಂಕ್ಸ್ ಅಮ್ಮಾ."

"ನಿಂದು ಲಗ್ನ ಆಗೇತೇನು?"

"ಅವ್ವಾ!" ಅಂತ ಮಗ ಫೋನಿಗೆ ಕೈ ಹಾಕಿದ. ಆ ಇಕ್ಕಟ್ಟಿನಲ್ಲಿ ಅವನ ಕೈ ಅಲ್ಲಿಯವರೆಗೆ ಮುಟ್ಟಲಿಲ್ಲ.

"ಇಲ್ಲ ಅಮ್ಮಾ" ಅಂದಳು ಆ ಹುಡುಗಿ, ನಗುತ್ತ.

"ಹಂಗಾರ ನನ್ನ ಮಗನ ಹುಟ್ಟಿದ ತಾರೀಖು ಕೇಳಿದಿ, ನನ್ನ ತವರಮನಿ ಹೆ‍ಸರು ಕೇಳಿದಿ. ಎಲ್ಲಾ ಹೇಳೀವಿ. ಈಗ ನಿನ್ನ ಹುಟ್ಟಿದ ತಾರೀಖು ಹೇಳು, ನಿಮ್ಮವ್ವನ ಹೆಸರು ಹೇಳು."

ಆ ಕಡೆಯಿಂದ ನಗು ತಡೆದುಕೊಂಡ ದನಿ ಕೇಳಿಸಿತು. "ಅಮ್ಮಾ, ಆ ಮಾಹಿತಿ ಕೊಡೋಕೆ ನನಗೆ ಅಧಿಕಾರ ಇಲ್ಲ. ಮೇಲಿನವರನ್ನ ಕೇಳಬೇಕಾಗುತ್ತೆ."

ಅಜ್ಜಿ ಫೋನನ್ನು ಜೋಪಾನವಾಗಿ ಇಟ್ಟಳು. ಬೂತಿನಿಂದ ಹೊರಗೆ ಬಂದು, ಬಸ್ಸಿಗೆ ನಿಂತಿದ್ದ ಅಷ್ಟೂ ಮಂದಿಗೆ ಕೇಳುವ ಹಾಗೆ ಮಗನಿಗೆ ಹೇಳಿದಳು:

"ಹುಡುಗಿಗೆ ಮನಸೈತಿ. ಹಿರೇರನ್ನ ಕೇಳಬೇಕಂತ."